ಅಜ್ಜಿಯ ಕೋಣೆಗೆ ಯಾವ ಹಳದಿ?

ಈ ಸಲ ದೀಪಾವಳಿಗೆ ನಮ್ಮ ಅಜ್ಜಿಯ ಕೋಣೆಗೆ ಬಣ್ಣ ಬಳಿದ ವಿಷಯ ಬರೆಯುತ್ತಿದ್ದೇನೆ. ಬಣ್ಣ ಬಳಿಯೋದರಲ್ಲಿ ಬರೆಯೋಕೆ ಏನಿದೆ ಅಂತ ನೀವು ಕೇಳಬಹುದು. ಬಳಿದಿದ್ದು ಒಂದೇ ದಿನ, ಯಾವ ಹಳದಿ ಅಂತ ತೀರ್ಮಾನ ಮಾಡೋಕೆ ಹತ್ತು ದಿನ ಹಿಡಿಯಿತು!

ಅಜ್ಜಿಗೆ ಎರಡು ಕಣ್ಣಿಗೂ ಪೊರೆ ಬಂದಿದೆ. ಅವಳ ಕೋಣೆಯ ಕಿಟಕಿ ಉತ್ತರಕ್ಕಿರುವುದರಿಂದ ಬಿಸಿಲು ಒಳಗೆ ಬರೋದು ಕಡಿಮೆ. ಇಷ್ಟು ವರ್ಷ ಸುಣ್ಣಕ್ಕೆ ಸ್ವಲ್ಪ ನೀಲಿ ಹಾಕಿ ಬಳಿಯುತ್ತಿದ್ದೆವು. ಅಂಗಳದ ಗೋಡೆಗೆ ಅದು ಚೆನ್ನಾಗಿ ಕಾಣುತ್ತೆ, ಆ ಕೋಣೆಯಲ್ಲಿ ಮಾತ್ರ ಬೂದಿ ಬಳಿದ ಹಾಗಿರುತ್ತಿತ್ತು. ಮಳೆಗಾಲದಲ್ಲಿ ಅಜ್ಜಿ ಹೊಸ್ತಿಲು ಎಡವಿ ಬಿದ್ದು ಕೈ ಊದಿಸಿಕೊಂಡಳು. "ಗೋಡೆ ಯಾವುದು, ಬಾಗಿಲು ಯಾವುದು ಒಂದೂ ತಿಳಿಯಾಕಿಲ್ಲ ಕಣಪ್ಪಾ. ಹಳದಿ ಹೊಡೆಸು" ಅಂತ ಅಪ್ಪನಿಗೆ ಹೇಳಿದಳು.

ಹಳದಿ ಅಂದರೆ ಒಂದೇ ಬಣ್ಣವೇ? ನಿಂಬೆಹಣ್ಣೂ ಹಳದಿ, ಚೆಂಡುಹೂವೂ ಹಳದಿ, ಹಲಸಿನ ತೊಳೆಯೂ ಹಳದಿ, ಬೆಣ್ಣೆಯಲ್ಲೂ ಸ್ವಲ್ಪ ಹಳದಿ ಇದೆ. ಅಕ್ಕನಿಗೆ ನಿಂಬೆ ಹಳದಿ ಇಷ್ಟ. ಅವಳು ಆ ಬಣ್ಣದ ಬಟ್ಟೆ ತಂದು ಗೋಡೆಗೆ ಹಿಡಿದಳು. ಬಿಸಿಲಿಲ್ಲದ ಆ ಕೋಣೆಯಲ್ಲಿ ಅದು ಹಸಿರು ಹಸಿರಾಗಿ, ಬಾಡಿದ ಎಲೆ ಥರ ಕಂಡಿತು. ಅಂಥ ಕೋಣೆಗೆ ಕೆಂಪಿನ ಛಾಯೆ ಇರೋ ಹಳದಿಯೇ ಸರಿ, ಅಂದರೆ ಹಲಸಿನ ತೊಳೆ ಜಾತಿಯದು. ನೆಲವೂ ಕೆಂಪು ಗಾರೆಯದಾಗಿದ್ದರಿಂದ ಎರಡೂ ಹೊಂದುತ್ತವೆ.

ನನ್ನ ತಮ್ಮ ಅಡುಗೆಮನೆಯಿಂದ ಅರಿಶಿನದ ಡಬ್ಬ ತಂದು ಸುಣ್ಣದ ನೀರಿಗೆ ಸುರಿದ. ಏಳನೇ ತರಗತಿಯವರಿಗೆ ಮುಂದಿನದು ಗೊತ್ತೇ ಇದೆ. ಸುಣ್ಣ ಪ್ರತ್ಯಾಮ್ಲ, ಅರಿಶಿನ ಸೂಚಕ. ಚೊಂಬಿನ ತುಂಬ ಆರತಿ ನೀರು! ಅವ್ವ ಡಬ್ಬ ಕಿತ್ತುಕೊಂಡು ಅವನ ಬೆನ್ನಿಗೆ ಒಂದು ಕೊಟ್ಟಳು. ಹಾಗೆ ಆಗದಿದ್ದರೂ ಅರಿಶಿನದ ಬಣ್ಣ ಬಿಸಿಲಿಗೆ ಹಾರಿಹೋಗುತ್ತೆ. ಸುಣ್ಣಕ್ಕೆ ಹಾಕೋದು ಹಳದಿ ಆಕ್ಸೈಡ್ ಪುಡಿ. ಅದರಲ್ಲಿರೋದು ಕಬ್ಬಿಣ, ನಮ್ಮೂರ ಕೆಮ್ಮಣ್ಣಿನಲ್ಲಿರೋ ಕಬ್ಬಿಣವೇ. ಹಳದಿ ಮಣ್ಣನ್ನು ಚೆನ್ನಾಗಿ ಸುಟ್ಟರೆ ಕೆಂಪಾಗುತ್ತೆ ಅಂತ ವಿಜ್ಞಾನದ ಮೇಷ್ಟ್ರು ಹೇಳಿದರು. ಹಳೇ ಕಾಲದ ಕೆಲವು ಹಳದಿ ಪೇಂಟುಗಳಲ್ಲಿ ಸೀಸ ಇರುತ್ತಿತ್ತಂತೆ, ಅದು ಮಕ್ಕಳಿಗೆ ವಿಷ. 2017ರ ನವೆಂಬರಿನಿಂದ ಮನೆಗೆ ಬಳಿಯೋ ಪೇಂಟಿನಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಅಂತ ನಿಯಮ ಇದೆ. ಹಳೇ ಪೇಂಟು ಕೆರೆದ ಪುಡಿಯಲ್ಲಿ ಯಾರೂ ಆಟ ಆಡಬೇಡಿ.

ಅಪ್ಪ ಸುಣ್ಣದ ಕಲ್ಲು ನೆನೆಹಾಕಿದರು. ಅದು ಕೊತ ಕೊತ ಕುದಿಯುತ್ತೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು, ಅದಕ್ಕೆ ನಮ್ಮನ್ನು ಜಗಲಿಯಲ್ಲೇ ನಿಲ್ಲಿಸಿದರು. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ನಾಲ್ಕು ಚೊಂಬಿಗೆ 1, 2, 4, 6 ಚಮಚ ಪುಡಿ ಕಲಸಿ ಗೋಡೆಯ ಮೇಲೆ ನಾಲ್ಕು ಪಟ್ಟಿ ಬಳಿದೆವು. ಹಸಿಯಾಗಿದ್ದಾಗ ಎಲ್ಲಾ ಗಾಢವಾಗಿತ್ತು. ಎರಡು ದಿನ ಒಣಗಿದ ಮೇಲೆ ಒಂದನೆಯದು ಬಿಳಿಯಲ್ಲ ಅನ್ನಬಹುದು ಅಷ್ಟೆ, ಎರಡನೆಯದು ಬೆಣ್ಣೆ ಬಣ್ಣ. ನಮಗೆಲ್ಲ ಎರಡನೆಯದೇ ಒಪ್ಪಿಗೆಯಾಯಿತು.

ಅಜ್ಜಿಯನ್ನು ಕರೆದು ತೋರಿಸಿದೆವು. ಅವಳು ಗೋಡೆಗೆ ಮೂಗು ತಾಗೋ ಹಾಗೆ ನಿಂತು ನೋಡಿ, "ಎಲ್ಲೈತೆ ಮಗಾ ಹಳದಿ? ಎಲ್ಲಾ ಸುಣ್ಣಾನೇ" ಅಂದಳು. ನಾಲ್ಕನೆಯದರ ಮುಂದೆ ನಿಂತಾಗ ಮಾತ್ರ, "ಹಾ, ಇದು ಹಳದಿ" ಅಂದಳು.

ಪೊರೆ ಬಂದ ಕಣ್ಣಿನ ಮಸೂರವೇ ಹಳದಿಯಾಗಿರುತ್ತೆ, ಅದಕ್ಕೆ ಬಿಳಿಗೂ ತಿಳಿ ಹಳದಿಗೂ ಭೇದ ಗೊತ್ತಾಗಲ್ಲ ಅಂತ ಮೇಷ್ಟ್ರು ವಿವರಿಸಿದರು. ಗಣೇಶನ ಚಪ್ಪರದಲ್ಲಿ ಉಳಿದಿದ್ದ ಹಳದಿ ಜಿಲೇಟಿನ್ ಹಾಳೆ ಕಣ್ಣಿಗಿಟ್ಟುಕೊಂಡು ನಾನೂ ನೋಡಿದೆ. ಬಿಳಿ ಗೋಡೆಯೂ ಮೊದಲನೇ ಪಟ್ಟಿಯೂ ಒಂದೇ ಆದವು, ಎರಡನೆಯದೂ ಹೆಚ್ಚು ಕಡಿಮೆ ಹಾಗೇ. ಅಜ್ಜಿ ದಿನಾ ನೋಡೋದು ಹೀಗೇನಾ ಅನಿಸಿ ಹಾಳೆ ಕೆಳಗಿಟ್ಟೆ. ನೀವೂ ಮಾಡಿ ನೋಡಿ.

ಈಗ ಬಂತು ನೋಡಿ ಕಷ್ಟ. ಸಂಕ್ರಾಂತಿ ಆದ ಮೇಲೆ ಅಜ್ಜಿಗೆ ಆಪರೇಷನ್. ಆಗ ಎಲ್ಲ ಬಣ್ಣವೂ ನಿಚ್ಚಳವಾಗಿ ಕಾಣುತ್ತೆ, ನಾಲ್ಕನೆಯದು ಕಣ್ಣಿಗೆ ಹೊಡೆಯಬಹುದು. ಜೊತೆಗೆ ಗಾಢ ಬಣ್ಣ ಬೆಳಕು ನುಂಗುತ್ತೆ. ಎದುರು ಬದುರು ಗೋಡೆಗಳು ಒಂದರ ಬಣ್ಣ ಇನ್ನೊಂದರ ಮೇಲೆ ಚೆಲ್ಲುವುದರಿಂದ, ಪಟ್ಟಿಯಲ್ಲಿ ಕಂಡದ್ದಕ್ಕಿಂತ ಕೋಣೆಯೆಲ್ಲ ಇನ್ನೂ ಗಾಢವಾಗುತ್ತೆ. ಈಗಿನ ಕಣ್ಣಿಗೆ ಬಳಿಯೋದೋ, ಮುಂದಿನ ಕಣ್ಣಿಗೋ? ಅಪ್ಪ, "ಮೂರು ತಿಂಗಳು ತಡ್ಕೋ ಅವ್ವಾ" ಅಂದರು. ಅಜ್ಜಿಗೆ ಸಿಟ್ಟು ಬಂತು. "ಮೂರು ತಿಂಗಳು ನಾನು ತಡಕಾಡ್ಕೊಂಡು ಓಡಾಡ್ಲಾ? ಆಪರೇಷನ್ ಹೆಂಗಾಯ್ತದೋ ಯಾರಿಗ್ಗೊತ್ತು. ಈಗ ಕಾಣೋದು ಬಳೀರಿ" ಅಂದಳು. ಯಾರೂ ಮಾತಾಡಲಿಲ್ಲ. ನನಗೆ ಅಜ್ಜಿ ಹೇಳಿದ್ದೇ ಸರಿ ಅನಿಸಿತು, ಅವಳ ಕೋಣೆ ತಾನೇ?

ಕೊನೆಗೆ ಬಾಗಿಲಿರೋ ಗೋಡೆಗೆ ಮಾತ್ರ ನಾಲ್ಕನೇ ಹಳದಿ, ಮಿಕ್ಕ ಮೂರಕ್ಕೆ ಎರಡನೆಯದು ಬಳಿದೆವು. ಬಾಗಿಲಿಗೆ ಎಣ್ಣೆ ಒರೆಸಿದ್ದರಿಂದ ಅದು ಕಪ್ಪಾಗಿ ಎದ್ದು ಕಾಣುತ್ತೆ. ಗೋಡೆಗಳ ಬುಡಕ್ಕೆ ಒಂದು ಮೊಳ ಕೆಮ್ಮಣ್ಣು ಹೊಡೆದೆವು. ಅಕ್ಕ ಅದರ ಮೇಲಂಚಿಗೆ ಬಿಳಿ ಗೆರೆ ಎಳೆದಳು. ಕೆಂಪು ನೆಲದಲ್ಲಿ ಹೊಸ್ತಿಲು ಕಾಣದೇ ಹೋಗುತ್ತಿತ್ತಲ್ಲ, ಅದರ ಉದ್ದಕ್ಕೂ ನಾನು ದಪ್ಪಗೆ ಬಿಳಿ ಬಳಿದೆ.

ಅಜ್ಜಿ ಈಗ ಹೊಸ್ತಿಲ ಹತ್ತಿರ ಬಂದಾಗ ತಾನೇ ಕಾಲೆತ್ತಿ ಇಡುತ್ತಾಳೆ. ಆಪರೇಷನ್ ಆದ ಮೇಲೆ ಆ ಗೋಡೆ ನೋಡಿ ಏನನ್ನುತ್ತಾಳೋ ಗೊತ್ತಿಲ್ಲ. ಉಳಿದ ಹಳದಿ ಪುಡಿಯನ್ನು ಅಪ್ಪ ಪೊಟ್ಟಣ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಾರೆ, ತಮ್ಮನ ಕೈಗೆ ಸಿಗದ ಹಾಗೆ.