ರನ್ ಒತ್ತಬೇಡ ಮಾರಾಯ...

ಬ್ಲಾಗಿಗೆ ಜೇಡ ಬಲೆ ಕಟ್ಟಿ ಎರಡು ತಿಂಗಳಾಯ್ತು. ಆಫೀಸಲ್ಲಿ ರಿಲೀಸು, ಮನೇಲಿ ನೆಂಟರು, ಮಧ್ಯೆ ಒಂದು ಜ್ವರ ಅಂತೆಲ್ಲಾ ಕಾರಣ ಕೊಡಬಹುದು. ನಿಜವಾದ ಕಾರಣ ಬೇರೆ. ಈ ಎರಡು ತಿಂಗಳೂ ರಾತ್ರಿ ಹೊತ್ತು ನಾನು ಒಂದು ಕ್ಯಾಸೆಟ್ಟಿನ "ಕೀಂ... ಕಿರ್ರ್ರ್ರ್..." ಸದ್ದು ಕೇಳ್ತಾ ಕೂತಿದ್ದೆ. ಪಕ್ಕದ ಮನೆಯವರು ಓನರ್ ಹತ್ರ ದೂರು ಹೇಳೋ ತನಕ ಹೋಗಿತ್ತು ವಿಷಯ :-)

ಶುರುವಾದದ್ದು ಹೀಗೆ. ನಮ್ಮ ಟೀಮಿನ ಹುಡುಗನೊಬ್ಬ ಆನ್‌ಸೈಟ್ ಮುಗಿಸಿ ಇಂಗ್ಲೆಂಡಿನಿಂದ ಬರುವಾಗ ಅಲ್ಲಿ ಹಳೇ ಸಾಮಾನು ಮಾರುವ ಕಡೆ ಸಿಕ್ಕ ಒಂದು ಕಂಪ್ಯೂಟರ್ ತಂದುಕೊಟ್ಟ. ಜೆಡ್‌ಎಕ್ಸ್ ಸ್ಪೆಕ್ಟ್ರಮ್. ಕೇಂಬ್ರಿಡ್ಜಿನ ಸಿಂಕ್ಲೇರ್ ರಿಸರ್ಚ್ ಕಂಪನಿ 1982ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ್ದು. ಒಂದು ದಪ್ಪ ಪುಸ್ತಕದಷ್ಟು ಗಾತ್ರ, ರಬ್ಬರಿನ ಕೀಲಿಗಳು, ಮೂಲೆಯಲ್ಲಿ ಕಾಮನಬಿಲ್ಲಿನ ಪಟ್ಟಿ. ಒಟ್ಟು ಮೆಮೊರಿ 48 ಕಿಲೋಬೈಟ್. ನೀವು ಬೆಳಗ್ಗೆ ಫಾರ್ವರ್ಡ್ ಮಾಡೋ ಗುಡ್ ಮಾರ್ನಿಂಗ್ ಫೋಟೋ ಕೂಡ ಅದರಲ್ಲಿ ಹಿಡಿಸಲ್ಲ. ಹಾರ್ಡ್ ಡಿಸ್ಕ್ ಇಲ್ಲ, ಫ್ಲಾಪಿ ಇಲ್ಲ. ಪರದೆ ಬೇಕಂದ್ರೆ ಮನೆಯ ಟಿವಿಗೇ ಜೋಡಿಸಬೇಕು. ಕರೆಂಟು ಹೋದ್ರೆ ಒಳಗಿದ್ದದ್ದೆಲ್ಲಾ ಶಿವಾರ್ಪಣ.

ಖುಷಿಯಲ್ಲಿ ಅವತ್ತೇ ಊರಿಗೆ ವಿಡಿಯೋ ಕಾಲ್ ಮಾಡಿದೆ. ತೀರ್ಥಹಳ್ಳಿ ಕಡೆಯ ನಮ್ಮನೆಯಲ್ಲಿ ಈಗ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೇ. ಚಿಕ್ಕಮ್ಮ "ಇದೆಂತ, ಕ್ಯಾಲ್ಕುಲೇಟರಾ?" ಅಂದ್ಲು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಕೇಳಿದ:

"ಅದ್ರಲ್ಲಿ ಜೆ ಒತ್ತಿದ್ರೆ ಲೋಡ್ ಅಂತ ಬರ್ತದಾ?"

ನನಗೆ ಮಾತೇ ಹೊರಡಲಿಲ್ಲ. ಸ್ಪೆಕ್ಟ್ರಮ್‌ನಲ್ಲಿ ಬೇಸಿಕ್ ಭಾಷೆಯ ಪದಗಳನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡೋ ಹಾಗಿಲ್ಲ. ಒಂದು ಪದಕ್ಕೆ ಒಂದು ಕೀಲಿ. ಜೆ ಒತ್ತಿದರೆ ಲೋಡ್, ಆರ್ ಒತ್ತಿದರೆ ರನ್, ಜಿ ಒತ್ತಿದರೆ ಗೋ ಟು. ಇದು ಗೊತ್ತಿರಬೇಕಾದರೆ ಆ ಮನುಷ್ಯ ಅದರ ಮುಂದೆ ಗಂಟೆಗಟ್ಟಲೆ ಕೂತಿರಲೇಬೇಕು. ನನಗೆ ಗೊತ್ತಿದ್ದ ಚಿಕ್ಕಪ್ಪ ಅಡಿಕೆ ತೋಟ, ಕೊಳೆರೋಗದ ಔಷಧಿ, ಸೊಸೈಟಿ ಸಾಲ, ಇಷ್ಟರ ಬಗ್ಗೆ ಮಾತಾಡೋನು.

ಇಂಜಿನಿಯರಿಂಗ್ ಓದೋದನ್ನ ಅರ್ಧಕ್ಕೆ ಬಿಟ್ಟು ಬಂದೋನು ಅಂತ ಮಾತ್ರ ನನಗೆ ಗೊತ್ತಿತ್ತು. 1989ರ ನವೆಂಬರ್‌ನಲ್ಲಿ ಅಜ್ಜನಿಗೆ ಲಕ್ವ ಹೊಡೀತು. ಕೊನೆ ಕೊಯ್ಲಿನ ಸಮಯ. ಅಪ್ಪ ಆಗಲೇ ಬ್ಯಾಂಕ್ ಕೆಲಸಕ್ಕೆ ಸೇರಿ ದೂರದ ಊರಲ್ಲಿದ್ದರು. ಹಾಸ್ಟೆಲಿಗೆ ಟೆಲಿಗ್ರಾಂ ಹೋಯ್ತು, ಚಿಕ್ಕಪ್ಪ ಒಂದು ಬ್ಯಾಗ್ ಹಿಡಿದು ಬಂದ. ವಾಪಸ್ ಹೋಗಲೇ ಇಲ್ಲ. ಆ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನನ್ನ ಇಂಜಿನಿಯರಿಂಗ್ ಫೀಸಿನಲ್ಲಿ ಅರ್ಧ ಆ ತೋಟದ ಅಡಿಕೆಯದ್ದು ಅನ್ನೋದನ್ನೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

"ಅಟ್ಟದಲ್ಲಿ ಒಂದು ಕ್ಯಾಸೆಟ್ ಇರಬೇಕು ನೋಡು," ಅಂದ ಚಿಕ್ಕಪ್ಪ.

ಆ ಕ್ಯಾಸೆಟ್ ನನಗೂ ಗೊತ್ತಿತ್ತು! ಯಕ್ಷಗಾನದ ಕ್ಯಾಸೆಟ್ಟುಗಳ ಡಬ್ಬದಲ್ಲಿ ಅದೂ ಇತ್ತು. ಮೇಲೆ ನೀಲಿ ಪೆನ್ನಲ್ಲಿ "ಮೆಸ್" ಅಂತ, ಅದರ ಕೆಳಗೆ "500" ಅಂತ ಇಂಗ್ಲಿಷಲ್ಲಿ ಬರೆದಿತ್ತು. ಚಿಕ್ಕವನಿದ್ದಾಗ ಟೂ ಇನ್ ಒನ್‌ಗೆ ಹಾಕಿ ನೋಡಿದ್ದೆ. ಕಿವಿ ಕೊರೆಯೋ ಸದ್ದು. ಹಾಳಾಗಿದೆ ಅಂದ್ಕೊಂಡು ಅಪ್ಪ ಒಮ್ಮೆ ಅದರ ಮೇಲೆ ತಾಳಮದ್ದಲೆ ರೆಕಾರ್ಡ್ ಮಾಡೋಕೆ ಹೊರಟಿದ್ದರು. ರೆಕಾರ್ಡ್ ಬಟನ್ ಒತ್ತಲು ಬರಲಿಲ್ಲ, ಯಾಕಂದ್ರೆ ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಕಿವಿಗಳನ್ನು ಯಾರೋ ಮುರಿದಿದ್ದರು. ಆ ತೂತಿಗೆ ಕಾಗದ ತುರುಕಿದರೆ ಆಗುತ್ತಿತ್ತು. ಅಪ್ಪನಿಗೆ ಆ ಉಪಾಯ ಹೊಳೀಲಿಲ್ಲ. ದೇವರು ದೊಡ್ಡವನು.

ಫ್ಲಾಪಿ ಇಲ್ಲದ ಕಂಪ್ಯೂಟರಿಗೆ ಪ್ರೋಗ್ರಾಮ್ ಹೋಗೋದು ಹೇಗೆ ಅಂತ ಕೇಳ್ತೀರಾ? ಸದ್ದಿನ ಮೂಲಕ. ಆಗ ಫ್ಲಾಪಿ ಡ್ರೈವಿಗೆ ಹೆಚ್ಚುಕಮ್ಮಿ ಕಂಪ್ಯೂಟರಿನಷ್ಟೇ ದುಡ್ಡು. ಟೇಪ್ ರೆಕಾರ್ಡರ್ ಆದರೆ ಎಲ್ಲರ ಮನೆಯಲ್ಲೂ ಇತ್ತು. ಹಾಗಾಗಿ ಸೊನ್ನೆಗೆ ಒಂದು ಚಿಕ್ಕ ಅಲೆ, ಒಂದಕ್ಕೆ ಅದರ ಎರಡರಷ್ಟು ಉದ್ದದ ಅಲೆ. ಸೆಕೆಂಡಿಗೆ ಸರಾಸರಿ 1500 ಬಿಟ್. ಮೊದಲು "ಕೀಂ" ಅಂತ ಎಡೆಬಿಡದ ಒಂದು ಸ್ವರ, ಅದು ಬರುವಾಗ ಟಿವಿಯ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟೆ. ಆಮೇಲೆ ಮಾಹಿತಿಯ "ಕಿರ್ರ್ರ್", ಆಗ ನೀಲಿ-ಹಳದಿ ಪಟ್ಟೆ. ಕೊನೆಗೊಂದು ಬೈಟ್ ತಾಳೆ ನೋಡೋಕೆ. ಒಂದು ಬಿಟ್ ಹೆಚ್ಚುಕಮ್ಮಿ ಆದ್ರೂ "ಟೇಪ್ ಲೋಡಿಂಗ್ ಎರರ್" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತೆ.

ಸದ್ದು ಆದದ್ದರಿಂದ ಒಂದು ದೊಡ್ಡ ಅನುಕೂಲವೂ ಆಯ್ತು. ಸದ್ದು ಹೋಗೋ ಕಡೆಯೆಲ್ಲಾ ಸಾಫ್ಟ್‌ವೇರ್ ಹೋಗಬಹುದು! ಯುಗೊಸ್ಲಾವಿಯದಲ್ಲಿ 1983ರಲ್ಲಿ ಜೋರಾನ್ ಮೊದ್ಲಿ ಎಂಬಾತ ಬೆಲ್‌ಗ್ರೇಡ್ ರೇಡಿಯೋದ 'ವೆಂಟಿಲೇಟರ್ 202' ಕಾರ್ಯಕ್ರಮದಲ್ಲಿ ಹಾಡುಗಳ ಮಧ್ಯೆ ಕಂಪ್ಯೂಟರ್ ಪ್ರೋಗ್ರಾಮುಗಳನ್ನೇ ಬಿತ್ತರಿಸುತ್ತಿದ್ದ. ಕೇಳುಗರು ಅದನ್ನು ಕ್ಯಾಸೆಟ್ಟಿಗೆ ಹಿಡಿದು, ತಮ್ಮ ಸ್ಪೆಕ್ಟ್ರಮ್‌ಗೋ, ತಾವೇ ಬೆಸುಗೆ ಹಾಕಿ ಜೋಡಿಸಿದ 'ಗಲಾಕ್ಸಿಯಾ' ಎಂಬ ಅಲ್ಲಿಯದೇ ಕಂಪ್ಯೂಟರಿಗೋ ಹಾಕಿಕೊಳ್ಳುತ್ತಿದ್ದರು. ಗಾಳಿಯಲ್ಲಿ ಡೌನ್‌ಲೋಡು! ನಾವು ವೈಫೈ ಅಂತ ಬೀಗೋದು ಸ್ವಲ್ಪ ಕಮ್ಮಿ ಮಾಡಬೇಕು.

ಈಗಂತೂ ಕ್ಯಾಸೆಟ್ಟೂ ಬೇಕಿಲ್ಲ. ಸ್ಪೆಕ್ಟ್ರಮ್‌ನ ಹಿಂಭಾಗಕ್ಕೆ ಸಿಕ್ಕಿಸೋ ಡಿವ್‌ಎಂಎಂಸಿ ಅನ್ನೋ ಸಣ್ಣ ಹಲಗೆ ಇದೆ. ಅದಕ್ಕೆ ಎಸ್‌ಡಿ ಕಾರ್ಡ್ ಹಾಕಿದರೆ ನಾಲ್ಕೈದು ನಿಮಿಷ ಲೋಡ್ ಆಗ್ತಿದ್ದ ಆಟ ಕಣ್ಣು ಮಿಟುಕಿಸೋದ್ರೊಳಗೆ ಬಂದು ಕೂರುತ್ತೆ. ಅದೂ ಬೇಡವೆಂದರೆ ಟೇಪಿನ ಫೈಲನ್ನು ಸದ್ದಾಗಿ ಬದಲಾಯಿಸಿ, ಮೊಬೈಲಿನಿಂದ ಒಂದು ವೈರ್ ಎಳೆದು ಸ್ಪೆಕ್ಟ್ರಮ್‌ನ ಇಯರ್ ತೂತಿಗೆ ಚುಚ್ಚಿದರೆ ಸಾಕು. 1982ರ ಯಂತ್ರಕ್ಕೆ ಎದುರಿಗಿರೋದು ಟೇಪ್ ರೆಕಾರ್ಡರೋ ಮೊಬೈಲೋ ಗೊತ್ತೇ ಆಗಲ್ಲ. ಸಾವಿರಾರು ಆಟಗಳನ್ನು ಅಭಿಮಾನಿಗಳು ಜೋಪಾನ ಮಾಡಿ ಇಟ್ಟಿದ್ದಾರೆ. ಚಿಕ್ಕಪ್ಪನ "ಮೆಸ್" ಮಾತ್ರ ಆ ಯಾವ ಸಂಗ್ರಹದಲ್ಲೂ ಇಲ್ಲ. ಇಡೀ ಪ್ರಪಂಚದಲ್ಲಿ ಅದರದ್ದು ಒಂದೇ ಪ್ರತಿ, ಅದೂ ಬೂಷ್ಟು ಹಿಡಿದು ನಮ್ಮನೆ ಅಟ್ಟದಲ್ಲಿ.

ಊರಿಂದ ಬರೋರ ಕೈಯಲ್ಲಿ ಕ್ಯಾಸೆಟ್ಟೂ ಬಂತು, ಹಳೇ ಟೂ ಇನ್ ಒನ್ನೂ ಬಂತು. ಅದರ ಬೆಲ್ಟ್ ಕರಗಿ ಬೆಲ್ಲದ ಪಾಕ ಆಗಿತ್ತು. ಎಸ್.ಪಿ. ರೋಡಿನಲ್ಲಿ ನಾಲ್ಕು ಅಂಗಡಿ ಸುತ್ತಿ ಬೇರೆ ಬೆಲ್ಟ್ ತಂದೆ. ಟೇಪಿನ ಬೂಷ್ಟನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಾ ಕೈಯಿಂದಲೇ ಸುತ್ತಿದೆ. ಆಮೇಲೆ ಶುರು ನೋಡಿ ರಾತ್ರಿ ಪಾಳಿ. ರೆಕಾರ್ಡ್ ಮಾಡಿದ ಟೇಪ್ ರೆಕಾರ್ಡರಿನ ಹೆಡ್ಡಿಗೂ ನಮ್ಮದರ ಹೆಡ್ಡಿಗೂ ಓರೆಯಲ್ಲಿ ಕೂದಲೆಳೆ ವ್ಯತ್ಯಾಸ ಇದ್ದರೂ ಸದ್ದು ಮಂಕಾಗುತ್ತೆ. ಹೆಡ್ಡಿನ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತೆ, ಅದನ್ನು ಇಷ್ಟಿಷ್ಟೇ ತಿರುಗಿಸಿ, ಸದ್ದು ಚುರುಕಾಗುವ ಜಾಗ ಹುಡುಕಬೇಕು. ತಂಬೂರಿ ಶ್ರುತಿ ಮಾಡಿದ ಹಾಗೆ. ಹಾಗೆ ಬಂದ ಸದ್ದನ್ನು ಲ್ಯಾಪ್‌ಟಾಪಿಗೆ ಇಳಿಸಿ, ಸೊನ್ನೆ-ಒಂದುಗಳನ್ನು ಬಿಡಿಸೋ ಪ್ರೋಗ್ರಾಮಿಗೆ ಕೊಡಬೇಕು.

ಮೊದಲ ಪ್ರತಿಯ ಮಧ್ಯದಲ್ಲೇ ಟೇಪು ಸವೆದಿತ್ತು. ಎಷ್ಟು ಸಲ ಮಾಡಿದರೂ ತಾಳೆ ಆಗಲಿಲ್ಲ. ಕೈಚೆಲ್ಲಿ ಕೂತಾಗ ಟೇಪು ತನ್ನ ಪಾಡಿಗೆ ಓಡ್ತಾ ಇತ್ತು. ಸ್ವಲ್ಪ ಮೌನ, ಆಮೇಲೆ ಮತ್ತೆ "ಕೀಂ..."! ಪುಣ್ಯಾತ್ಮ ಎರಡು ಸಲ ಸೇವ್ ಮಾಡಿದ್ದ. ಎರಡನೇ ಪ್ರತಿ ಸರಿಯಾಗಿ ತಾಳೆ ಆಯ್ತು.

ಆದರೆ ನಾನು ಒಳಗೇನಿದೆ ಅಂತ ತೆರೆದು ನೋಡಲಿಲ್ಲ. ಯಾಕಂದ್ರೆ ಅಷ್ಟರಲ್ಲಿ ಚಿಕ್ಕಪ್ಪ ಫೋನಲ್ಲಿ ಒಂದು ಮಾತು ಹೇಳಿದ್ದ. ಆ ಕ್ಯಾಸೆಟ್ ಅವನು ಹಾಸ್ಟೆಲಿಂದ ತಂದದ್ದಲ್ಲ. ಅವನು ಬಂದು ಒಂದು ತಿಂಗಳಾದ ಮೇಲೆ ರೂಮ್‌ಮೇಟ್ ಅಂಚೆಯಲ್ಲಿ ಕಳಿಸಿದ್ದು. ಕಂಪ್ಯೂಟರ್ ಆ ರೂಮ್‌ಮೇಟಿನದ್ದು. ಡೆಸಿಬೆಲ್ಸ್ ಅನ್ನೋ ಕಂಪನಿ ನಮ್ಮ ದೇಶದಲ್ಲಿ 1986ರಿಂದ ಲೈಸೆನ್ಸ್ ಪಡೆದು ಮಾರುತ್ತಿದ್ದ ಡಿಬಿ ಸ್ಪೆಕ್ಟ್ರಮ್ ಪ್ಲಸ್. ಚಿಕ್ಕಪ್ಪ ಮೆಸ್ ಸೆಕ್ರೆಟರಿ, ಲೆಕ್ಕ ಇಡೋಕೆ ಅದರಲ್ಲಿ ಪ್ರೋಗ್ರಾಮ್ ಬರೆದಿದ್ದ. ಅಂದಮೇಲೆ ಅದು ಚಿಕ್ಕಪ್ಪನಿಗೆ ಬಂದ ಕಾಗದ. ಬೇರೆಯವರ ಕಾಗದ ಒಡೆದು ಓದಬಾರದು, ಅಲ್ವಾ?

ಆಗಸ್ಟ್ ಹದಿನೈದರ ರಜೆಗೆ ಎಲ್ಲವನ್ನೂ ಬ್ಯಾಗಿಗೆ ತುಂಬಿಕೊಂಡು ಊರಿಗೆ ಹೋದೆ. ಹೊರಗೆ ಧೋ ಅಂತ ಮಳೆ. ಚಿಕ್ಕಪ್ಪ ಕೈಕಾಲು ತೊಳೆದು ಬಂದು ಕೂತ. ಜೆ ಒತ್ತಿದ. ಎರಡು ಸಲ ಕೊಟೇಶನ್ ಚಿಹ್ನೆ. ಬೆರಳುಗಳು ಹುಡುಕಲೇ ಇಲ್ಲ, ಸೀದಾ ಹೋದವು. ನಾನು ಮೊಬೈಲಿನಲ್ಲಿ ಪ್ಲೇ ಒತ್ತಿದೆ. ನೀಲಿ-ಹಳದಿ ಪಟ್ಟೆ ಓಡೋಕೆ ಶುರುವಾಯ್ತು, ಕರೆಂಟು ಹೋಯ್ತು.

ಇನ್‌ವರ್ಟರ್ ಲೈನಿಗೆ ಹಾಕಿ ಎರಡನೇ ಸಲ. ಅರ್ಧದಲ್ಲಿ "ಟಿಂಗ್". ಆಫೀಸ್ ಗ್ರೂಪಿನಲ್ಲಿ ಯಾರೋ ಸ್ವಾತಂತ್ರ್ಯ ದಿನದ ಶುಭಾಶಯ ಕಳಿಸಿದ್ದರು. ಆ ಟಿಂಗೂ ವೈರಿನೊಳಗೆ ಹೋಗಿ ಟೇಪ್ ಲೋಡಿಂಗ್ ಎರರ್. ಏರೋಪ್ಲೇನ್ ಮೋಡಿಗೆ ಹಾಕಿ ಮೂರನೇ ಸಲ. ಅರ್ಧ ನಿಮಿಷ ಯಾರೂ ಉಸಿರಾಡಲಿಲ್ಲ. ಪರದೆಯ ಕೆಳಗೆ "ಓಕೆ" ಬಂತು.

ನಾನು ಸಂಭ್ರಮದಲ್ಲಿ ಆರ್ ಒತ್ತೋಕೆ ಕೈ ಚಾಚಿದೆ.

"ರನ್ ಒತ್ತಬೇಡ ಮಾರಾಯ!"

ಚಿಕ್ಕಪ್ಪ ಅಷ್ಟು ಜೋರಾಗಿ ಕೂಗಿದ್ದು ನಾನು ಕೇಳಿರಲೇ ಇಲ್ಲ. ನನ್ನ ಕೈ ಹಿಡಿದುಕೊಂಡುಬಿಟ್ಟಿದ್ದ. ಆಮೇಲೆ ನಿಧಾನ ಹೇಳಿದ. ಸ್ಪೆಕ್ಟ್ರಮ್‌ನಲ್ಲಿ ಸೇವ್ ಮಾಡಿದರೆ ಪ್ರೋಗ್ರಾಮಿನ ಜೊತೆಗೆ ಆ ಹೊತ್ತಿಗೆ ತುಂಬಿದ್ದ ಲೆಕ್ಕವೂ ಟೇಪಿಗೆ ಹೋಗುತ್ತೆ. ರನ್ ಅಂದರೆ ಆ ಲೆಕ್ಕವನ್ನೆಲ್ಲ ಅಳಿಸಿ ಮೊದಲಿಂದ ಶುರು. ಲೆಕ್ಕ ಉಳೀಬೇಕಂದ್ರೆ ಗೋ ಟು ಅಂತ ಸೀದಾ ಪಟ್ಟಿ ತೋರಿಸುವ ಸಾಲಿಗೆ ಹೋಗಬೇಕು.

"ಕ್ಯಾಸೆಟ್ ಮೇಲೆ 500 ಅಂತ ಬರ್ದಿದ್ನಲ, ಅದೇ."

ಮೊಬೈಲಲ್ಲಿ ಕಾಪಿ ಇದೆ, ಅಳಿಸಿದರೂ ಏನೂ ಆಗಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಚಿಕ್ಕಪ್ಪ ಜಿ ಒತ್ತಿ, 500 ಟೈಪ್ ಮಾಡಿ, ಎಂಟರ್ ಹೊಡೆದ.

ಪಟ್ಟಿ ಬಂತು. ಹನ್ನೆರಡು ಹೆಸರು. ಎಲ್ಲಾ ಅಡ್ಡಹೆಸರುಗಳು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಊಟ ಮಾಡಿದ ದಿನ, ಬಿಲ್ಲು, ಕೊಟ್ಟದ್ದು, ಬಾಕಿ. ನವೆಂಬರ್ ತಿಂಗಳದ್ದು. ಚಿಕ್ಕಪ್ಪ ಒಂದೊಂದೇ ಹೆಸರು ಓದಿ, ಇವನು ಹೀಗಿದ್ದ, ಇವನು ಎಂಟು ಚಪಾತಿ ತಿಂತಿದ್ದ ಅಂತ ನಗ್ತಾ ಬಂದ. ಹನ್ನೊಂದನೆಯದಕ್ಕೆ ಬಂದು ನಿಂತ.

ಅದು ಅವನದ್ದೇ ಹೆಸರು. ದಿನ 9. ಬಿಲ್ಲು 67.50. ಕೊಟ್ಟದ್ದು 67.50. ಬಾಕಿ ಸೊನ್ನೆ.

"ನಾನು ಕೊಟ್ಟೇ ಇಲ್ಲ," ಅಂದ.

ಕೊನೆಯ ಸಾಲು ರೂಮ್‌ಮೇಟಿನದ್ದು. ದಿನ 30. ಬಿಲ್ಲು 225. ಕೊಟ್ಟದ್ದು 157.50. ಬಾಕಿ 67.50.

ಮಳೆ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಒಂದಷ್ಟು ಹೊತ್ತಾದ ಮೇಲೆ ಚಿಕ್ಕಪ್ಪ ಹೇಳಿದ. ಮೆಸ್ ಸೆಕ್ರೆಟರಿಯೇ ಬಿಲ್ ಕಟ್ಟದೆ ಹೋದ ಅಂತ ಅಲ್ಲೆಲ್ಲಾ ಆಡಿಕೊಂಡಿರ್ತಾರೆ ಅನ್ನೋದು ಅವನ ತಲೇಲಿ ಕೂತುಬಿಟ್ಟಿತ್ತಂತೆ. ಆಗ ಮನೇಲಿ ಔಷಧಿಗೇ ದುಡ್ಡಿರಲಿಲ್ಲ. ಕ್ಯಾಸೆಟ್ ಬಂದಾಗ, ಬಾಕಿ ಕೇಳೋಕೆ ಕಳಿಸಿದಾನೆ ಅಂದ್ಕೊಂಡ. ಹಾಕಿ ನೋಡೋಣ ಅಂದ್ರೆ ಇಲ್ಲಿ ಮಷೀನ್ ಎಲ್ಲಿತ್ತು? ಉತ್ತರ ಬರೆಯಲಿಲ್ಲ. ಇನ್ನೊಂದು ಕಾಗದ ಬಂದಾಗ ಒಡೆದೂ ನೋಡಲಿಲ್ಲ. ಆಮೇಲೆ ಬರೋದೂ ನಿಂತಿತು.

ಮೂವತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ನಮ್ಮನೆ ಅಟ್ಟದಲ್ಲಿ ಆ ಕ್ಯಾಸೆಟ್ಟು "ನಿನ್ನ ಬಾಕಿ ಏನೂ ಇಲ್ಲ ಕಣೋ" ಅಂತ ಕಿರುಚ್ತಾನೇ ಇತ್ತು. ನಮಗೆ ಕೇಳಿಸಿದ್ದು ಬರೀ ಕಿರ್ರ್ ಅಂತ.

ಚಿಕ್ಕಪ್ಪ ಎದ್ದ. ದನಕ್ಕೆ ಹುಲ್ಲು ಹಾಕಬೇಕು ಅಂದ. ಬಾಗಿಲ ಹತ್ರ ಹೋಗಿ ತಿರುಗಿ, "ಅದನ್ನ ಆಫ್ ಮಾಡಬೇಡ, ಹಾಗೇ ಇರ್ಲಿ," ಅಂದ. ಅವತ್ತು ರಾತ್ರಿ ಹತ್ತೂವರೆವರೆಗೂ ನಮ್ಮನೆ ಟಿವಿಯಲ್ಲಿ ಹನ್ನೆರಡು ಹುಡುಗರ ಮೆಸ್ ಬಿಲ್ಲು ಹಾಗೇ ಇತ್ತು. ಚಿಕ್ಕಮ್ಮ ಧಾರಾವಾಹಿ ಕೇಳಲಿಲ್ಲ.

ಬೆಂಗಳೂರಿಗೆ ಬಸ್ ಹತ್ತಿಸುವಾಗ ಕೇಳಿದ: "ನಿನ್ನ ಇಂಟರ್‌ನೆಟ್‌ನಲ್ಲಿ ಹಳೇ ಮನುಷ್ಯರೂ ಸಿಗ್ತಾರಾ?"

ಹುಡುಕ್ತಾ ಇದೀನಿ. ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ರೆ 67 ರೂಪಾಯಿ 50 ಪೈಸೆ ಕೊಡೋದಿದೆ, ಚಿಕ್ಕಪ್ಪ ಎಣಿಸಿ ಬೇರೆ ಇಟ್ಟಿದ್ದಾನೆ.

ನಿಮ್ಮ ಮನೆ ಅಟ್ಟದಲ್ಲೂ ಕಿರ್ರ್ ಅನ್ನೋ ಕ್ಯಾಸೆಟ್ ಇದ್ರೆ ದಯವಿಟ್ಟು ಎಸೀಬೇಡಿ. ಬೆಲ್ಟ್ ಎಲ್ಲಿ ಸಿಗುತ್ತೆ ನಾನು ಹೇಳ್ತೀನಿ. ಮತ್ತೆ, ಲೋಡ್ ಆದ ತಕ್ಷಣ ರನ್ ಒತ್ತಬೇಡಿ...