ನಾವು ಮರೆತರೂ ಕೇಸು ಮರೆಯಲಿಲ್ಲ

ಬೆಳಗಿನ ಜಾವ ಐದು ಗಂಟೆಗೆ ಊಟಿ ರಸ್ತೆಯಲ್ಲಿ ಓಡುವ ಹುಡುಗರನ್ನು ಗುಂಡ್ಲುಪೇಟೆಯವರಾದರೆ ನೀವು ನೋಡಿಯೇ ಇರುತ್ತೀರಿ. ಅವರಲ್ಲಿ ನಮ್ಮ ಚಿಕ್ಕವನೂ ಒಬ್ಬನಾಗಿದ್ದ. ಮಿಲಿಟರಿ ಸೇರಬೇಕೆಂಬ ಹುಚ್ಚು ಅವನಿಗೆ ಹೈಸ್ಕೂಲಿನಿಂದಲೂ ಇತ್ತು. ರಾತ್ರಿ ನಾನು ಕಡಲೆಕಾಳು ನೆನೆಹಾಕಬೇಕು, ಓಡಿ ಬಂದ ಮೇಲೆ ಬಿಸಿಮುದ್ದೆ, ಸೊಪ್ಪಿನ ಸಾರು ತಯಾರಿರಬೇಕು. 1.6 ಕಿ.ಮೀ. ದೂರವನ್ನು ಐದೂವರೆ ನಿಮಿಷದೊಳಗೆ ಮುಟ್ಟಬೇಕೆಂಬುದು ಅವನ ಗುರಿ. ನಮ್ಮವರು ಬೈಕಿನಲ್ಲಿ ಹಿಂದೆ ಹೋಗಿ ಗಡಿಯಾರ ನೋಡುತ್ತಿದ್ದರು. 2024ರ ಬೇಸಿಗೆಯಲ್ಲಿ ಅಗ್ನಿವೀರರ ಆನ್‌ಲೈನ್ ಪರೀಕ್ಷೆ ಪಾಸಾಯಿತು. ನಾನು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಕೈಮುಗಿದು ಬಂದೆ.

ರ್‍ಯಾಲಿಗೆ ಕಾಗದಪತ್ರ ಜೋಡಿಸುವಾಗ ಪೊಲೀಸರಿಂದ ನಡತೆಯ ಪ್ರಮಾಣ ಪತ್ರ ಬೇಕಾಯಿತು. ಅದನ್ನು ಕೇಳಲು ಹೋದವನು ಬಂದು ಜಗುಲಿಯ ಮೇಲೆ ಮಂಕಾಗಿ ಕುಳಿತ.

"ಅವ್ವ, ನನ್ನ ಮೇಲೆ ಕೇಸು ಇನ್ನೂ ಇದ್ಯಂತೆ."

"ಯಾವ ಕೇಸೋ?" ಅಂದೆ. ನಿಜವಾಗಿ ನನಗೆ ನೆನಪೇ ಇರಲಿಲ್ಲ!

2022ರ ಮಾರ್ಚಿಯಲ್ಲಿ ನಮ್ಮ ಹಳ್ಳಿಯ ಮಾರಿಹಬ್ಬ. ನಗಾರಿಯ ಮುಂದೆ ಕುಣಿಯುವಾಗ ಹುಡುಗರಲ್ಲಿ ತಳ್ಳಾಟವಾಯಿತು. ಇವನು ಪಕ್ಕದ ಬೀದಿಯ ಹುಡುಗನ ಅಂಗಿ ಹಿಡಿದು ಅಡ್ಡಗಟ್ಟಿ, ಕೆನ್ನೆಗೆ ಹೊಡೆದ. ಆ ಹುಡುಗನ ತುಟಿ ಒಡೆಯಿತು. ಮಾರನೆಯ ದಿನ ದೂರು ಹೋಯಿತು. ನಮ್ಮವರು ಸ್ಟೇಷನ್ನಿಗೆ ಹೋಗಿ ಜಾಮೀನು ಕೊಟ್ಟು ಕರೆತಂದರು. ಬುದ್ಧಿ ಹೇಳಿ ಕಳಿಸಿದರು, ಮುಗಿಯಿತು ಎಂದುಕೊಂಡೆವು. ಪಿ.ಯು.ಸಿ. ಪರೀಕ್ಷೆ ಹತ್ತಿರವಿತ್ತು, ಆಮೇಲೆ ಅವನು ಮೈಸೂರಿಗೆ ಓದಲು ಹೋದ, ನಾವು ಹಳ್ಳಿ ಬಿಟ್ಟು ಪೇಟೆಗೆ ಬಂದೆವು. ಹಳೆಯ ವಿಳಾಸಕ್ಕೆ ಸಮನ್ಸು ಬಂದು ಬಂದು ವಾಪಸಾದದ್ದು ನಮಗೆ ತಿಳಿಯಲೇ ಇಲ್ಲ.

ಅದೇ ವರ್ಷ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಪ್ರಕಟವಾದಾಗ ಉತ್ತರದ ಕಡೆ ರೈಲುಗಳಿಗೆ ಬೆಂಕಿ ಹಚ್ಚಿದರಲ್ಲ, ಆಗ ಸೇನೆಯ ಪರವಾಗಿ ಲೆಫ್ಟಿನೆಂಟ್ ಜನರಲ್ ಅನಿಲ್ ಪುರಿ ಅವರು, ಪೊಲೀಸ್ ಪರಿಶೀಲನೆ ಇಲ್ಲದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ, ಎಫ್.ಐ.ಆರ್. ಇದ್ದವರಿಗೆ ಅವಕಾಶವಿಲ್ಲ ಎಂದರು. ಟಿ.ವಿ. ಮುಂದೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ನಾನು "ಸರಿಯಾಗಿ ಹೇಳಿದ್ರು" ಎಂದು ತಲೆದೂಗಿದ್ದೆ. ನನ್ನ ಮಗನ ಹೆಸರಿನಲ್ಲೂ ಮೂರು ತಿಂಗಳ ಹಿಂದಿನ ಎಫ್.ಐ.ಆರ್. ಒಂದಿದೆ ಎಂದು ನನಗೆ ಹೊಳೆಯಲೇ ಇಲ್ಲ.

ನೆಂಟರಿಷ್ಟರಿಗೆ ವಿಷಯ ತಿಳಿಯಿತು. ಒಬ್ಬರು, "ಫಾರಂನಲ್ಲಿ 'ಇಲ್ಲ' ಅಂತ ಬರ್ದುಬಿಡ್ಲಿ, ಅಷ್ಟು ದೂರದವ್ರಿಗೆ ಏನ್ ಗೊತ್ತಾಗುತ್ತೆ" ಎಂದರು. ಸುಳ್ಳು ಯಾಕೆ ಹೇಳಲಿ, ನನಗೂ ಒಳಗೊಳಗೆ ಹಾಗೇ ಅನ್ನಿಸಿತು. ನಮ್ಮವರು ಒಪ್ಪದೆ ವಕೀಲರ ಹತ್ತಿರ ಕರೆದುಕೊಂಡು ಹೋದರು.

ವಕೀಲರು ಮೊಬೈಲಿನಲ್ಲಿ ಇ-ಕೋರ್ಟ್ಸ್ ಎಂಬುದನ್ನು ತೆಗೆದು, ತಾಲ್ಲೂಕು ಕೋರ್ಟನ್ನು ಆರಿಸಿ, ಮಗನ ಹೆಸರು ಒತ್ತಿದರು. ಅಕ್ಕಿ ಆರಿಸುವಷ್ಟು ಹೊತ್ತೂ ಹಿಡಿಯಲಿಲ್ಲ, ಕೇಸಿನ ನಂಬರು ಬಂದೇಬಿಟ್ಟಿತು! ಐ.ಪಿ.ಸಿ. ಕಲಂ 341, 323, 504: ಅಡ್ಡಗಟ್ಟಿದ್ದು, ಕೈಯಿಂದ ಹೊಡೆದದ್ದು, ಬೈದದ್ದು. 2024ರ ಜುಲೈ 1ರಿಂದ ಐ.ಪಿ.ಸಿ. ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಆದರೆ ಹಳೆಯ ಘಟನೆಗೆ ಹಳೆಯ ಕಲಮೇ.

"ಹುಡುಗನಿಗೆ ಆಗ ಎಷ್ಟು ವಯಸ್ಸು?" ಕೇಳಿದರು.

"ಹದಿನೆಂಟು ತುಂಬಿ ಎರಡು ತಿಂಗಳು."

ಅವರು ಪೆನ್ನು ಕೆಳಗಿಟ್ಟರು. ಹದಿನೆಂಟರ ಒಳಗಾಗಿದ್ದರೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನಂತೆ ಇಂಥ ತಪ್ಪು ಮುಂದಿನ ಕೆಲಸಕ್ಕೆ ಅಡ್ಡಿಯಾಗುತ್ತಿರಲಿಲ್ಲವಂತೆ. ಎರಡೇ ತಿಂಗಳು ನೋಡಿ! ಅವನು ಹುಟ್ಟಿದ ದಿನವನ್ನು ನಾನು ಅಷ್ಟೊಂದು ಸಲ ಲೆಕ್ಕ ಹಾಕಿದ್ದು ಜಾತಕ ಬರೆಸಿದಾಗಲೂ ಇಲ್ಲ.

ಮುಚ್ಚಿಡುವ ಮಾತನ್ನೂ ನಾನೇ ಕೇಳಿದೆ. ಅವರು ಎರಡು ತೀರ್ಪುಗಳ ವಿಷಯ ಹೇಳಿದರು. 2011ರಲ್ಲಿ ಸಂದೀಪ್ ಕುಮಾರ್ ಎಂಬವರ ಪ್ರಕರಣ: ದೆಹಲಿ ಪೊಲೀಸ್ ಕೆಲಸದ ಅರ್ಜಿಯಲ್ಲಿ ಹರೆಯದ ಜಗಳದ ಕೇಸೊಂದನ್ನು ಬರೆದಿರಲಿಲ್ಲ, ಸುಪ್ರೀಂ ಕೋರ್ಟು ಚಿಕ್ಕ ವಯಸ್ಸಿನ ತಪ್ಪೆಂದು ಕ್ಷಮಿಸಿತು. ಆದರೆ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು, ಕೇಸಿನ ವಿಷಯವನ್ನು ಸತ್ಯವಾಗಿಯೇ ತಿಳಿಸಬೇಕು, ಮುಚ್ಚಿಟ್ಟರೆ ಕೆಲಸ ಸಿಕ್ಕ ಮೇಲೂ ತೆಗೆಯಬಹುದು ಎಂದರು. ಕೇಸು ತೀರಾ ಸಣ್ಣದಾದರೆ ಕ್ಷಮಿಸುವ ಅವಕಾಶವನ್ನೂ ಇಟ್ಟರು. "ಬರೆದರೆ ಬಾಗಿಲು ಅರ್ಧ ತೆರೆದಿರುತ್ತೆ ತಾಯಿ, ಬಚ್ಚಿಟ್ಟರೆ ಸಮವಸ್ತ್ರ ಹಾಕಿದ ಮೇಲೆ ಕಳಚಿ ಕಳಿಸ್ತಾರೆ" ಎಂದರು ವಕೀಲರು.

ಬರೆದೇ ಕೊಟ್ಟ. ಪ್ರಮಾಣ ಪತ್ರದಲ್ಲೂ ಕೇಸು ಬಾಕಿ ಇದೆ ಎಂದೇ ಬಂತು. ರ್‍ಯಾಲಿಯಲ್ಲಿ ಅವನ ಹೆಜ್ಜೆ ಅಲ್ಲಿಗೇ ನಿಂತಿತು. ಮುಂದಿನ ವರ್ಷಕ್ಕೆ ಅಗ್ನಿವೀರರ ವಯೋಮಿತಿ ದಾಟುತ್ತಿತ್ತು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಂಡಿಲ್ಲ.

ಆದರೂ ಕೇಸು ಮುಗಿಯಲೇಬೇಕಿತ್ತು. ಈ ಮೂರೂ ಕಲಮುಗಳು ರಾಜಿಯಾಗುವಂಥವು. ಆಯುಧದಿಂದ ಹೊಡೆದದ್ದಾದರೆ ಇಷ್ಟು ಸುಲಭವಿಲ್ಲ. ಲೋಕ್ ಅದಾಲತ್ತಿನಲ್ಲಿ ಹಾಕಿಸೋಣ, ಆದರೆ ದೂರು ಕೊಟ್ಟವರು ಒಪ್ಪಬೇಕು ಎಂದರು ವಕೀಲರು. ಹೋಗುವವರು ಯಾರು? ಗಂಡಸರು ಹೋದರೆ ಮಾತಿಗೆ ಮಾತು ಬೆಳೆಯಬಹುದೆಂದು ನಾನೇ ಹೊರಟೆ. ಬಾಳೆಹಣ್ಣು, ಎರಡು ಮೊಳ ಕನಕಾಂಬರ ಹಿಡಿದುಕೊಂಡೆ. ಎರಡು ವರ್ಷದಿಂದ ಆಕೆಯೂ ನಾನೂ ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸಿಕೊಳ್ಳುತ್ತಿದ್ದೆವು.

ಆಕೆ ಒಳಗೆ ಕರೆದು ನೀರು ಕೊಟ್ಟರು. ನಾನು ಹೇಳುವುದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅವತ್ತು ನನ್ನ ಮಗ ರಕ್ತ ಸುರಿಸ್ಕೊಂಡು ಬಂದ. ನೀವು ಯಾರಾದ್ರೂ ಒಬ್ರು ಬಂದು ಹೆಂಗಿದ್ದಾನೆ ಅಂತ ಕೇಳಿದ್ರೆ ನಾವು ಸ್ಟೇಷನ್ ಮೆಟ್ಟಿಲು ಹತ್ತುತ್ತಿರ್ಲಿಲ್ಲ ಕಣಕ್ಕ."

ನನಗೆ ಉತ್ತರ ಬರಲಿಲ್ಲ. ಅವತ್ತು ನಾನು ಮನೆಯಲ್ಲಿ ಹಬ್ಬದ ಎಡೆ ಮಾಡುತ್ತಿದ್ದೆ. ವಿಷಯ ಕಿವಿಗೆ ಬಿದ್ದಿತ್ತು. ಹುಡುಗರ ಜಗಳ, ತಾನೇ ಸರಿಹೋಗುತ್ತದೆ ಎಂದು ಒಲೆಯ ಮುಂದಿನಿಂದ ಎದ್ದಿರಲಿಲ್ಲ.

"ತಪ್ಪಾಯ್ತು" ಎಂದೆ. ಆಕೆಯ ಮಗ ಬಾಗಿಲಲ್ಲಿ ನಿಂತಿದ್ದ. ತುಟಿಯ ಮೇಲೆ ಸಣ್ಣ ಗೆರೆ ಈಗಲೂ ಇದೆ.

ಸೆಪ್ಟೆಂಬರ್ 14ರ ಲೋಕ್ ಅದಾಲತ್ತಿಗೆ ಇಬ್ಬರೂ ಹುಡುಗರು ಒಂದೇ ಬಸ್ಸಿನಲ್ಲಿ ಬಂದರು. ಸಹಿಯಾಯಿತು. ರಾಜಿಯಾದರೆ ಕಾನೂನಿನ ಪ್ರಕಾರ ಬಿಡುಗಡೆಯಾದ ಹಾಗೆಯೇ. ಎರಡೂವರೆ ವರ್ಷ ನೇತಾಡಿದ್ದು ಒಂದು ಬೆಳಗಿನಲ್ಲಿ ಮುಗಿಯಿತು. ಮೊದಲೇ ಗೊತ್ತಿದ್ದಿದ್ದರೆ!

ನಿಮ್ಮ ಮನೆಯ ಹುಡುಗನ ಮೇಲೂ ಎಂದಾದರೂ ದೂರು ಆಗಿದ್ದರೆ, ಬುದ್ಧಿ ಹೇಳಿ ಕಳಿಸಿದರು ಎಂದು ಸುಮ್ಮನಾಗಬೇಡಿ. ಮನೆ ಬದಲಿಸಿದರೆ ಹೊಸ ವಿಳಾಸವನ್ನು ವಕೀಲರ ಮೂಲಕ ಕೋರ್ಟಿಗೆ ತಿಳಿಸಿ, ಕೇಸು ಏನಾಯಿತೆಂದು ಹುಡುಕಿಸಿ, ಮುಗಿದ ಆದೇಶದ ದೃಢೀಕೃತ ನಕಲು ಪಡೆದು ಇಟ್ಟುಕೊಳ್ಳಿ.

ನಮ್ಮವನು ಈಗ ಬಿ.ಎಸ್.ಎಫ್., ಸಿ.ಆರ್.ಪಿ.ಎಫ್. ಪರೀಕ್ಷೆಗೆ ಓದುತ್ತಿದ್ದಾನೆ, ಅಲ್ಲಿ ವಯೋಮಿತಿ ಸ್ವಲ್ಪ ಹೆಚ್ಚು. ಆ ಫಾರಂಗಳಲ್ಲೂ ಅದೇ ಪ್ರಶ್ನೆ ಇರುತ್ತದಂತೆ: ಯಾವಾಗಲಾದರೂ ನಿಮ್ಮ ಮೇಲೆ ಕೇಸು ದಾಖಲಾಗಿತ್ತೇ? ಈಗ ಇದೆಯೇ ಎಂದಷ್ಟೇ ಕೇಳುವುದಿಲ್ಲ, ಯಾವಾಗಲಾದರೂ ಎಂದು ಕೇಳುತ್ತಾರೆ. 'ಹೌದು' ಎಂದೇ ಬರೆಯುತ್ತೇನೆ ಎನ್ನುತ್ತಾನೆ. ಆದೇಶದ ನಕಲನ್ನು ನಾನು ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಹಿಂದೆ ಇಟ್ಟಿದ್ದೇನೆ. ಮೊನ್ನೆ ಅದರ ಐದು ಜೆರಾಕ್ಸ್ ಮಾಡಿಸಿಕೊಂಡು ಬಂದ.