ಹಿಂದಿರುಗುತ್ತಿದ್ದ ಸೀಸೆ

ಹಲಸೂರಿನ ಮಗ್ಗುಲಿನ ಜೋಗುಪಾಳ್ಯದಲ್ಲಿ ನಾವು ಹುಟ್ಟಿ ಬೆಳೆದವರು. ನಮ್ಮ ಬೀದಿಯಲ್ಲಿ ಗೋಡೆಯ ಈಚೆಗೆ ಶ್ರೀರಾಮನವಮಿಯಾದರೆ ಆಚೆಗೆ ಕ್ರಿಸ್‌ಮಸ್ಸು. ಹಬ್ಬದ ತಿಂಡಿಗಳು ಗೋಡೆಯನ್ನು ದಾಟಿ ಬರುವುದು ಮೊದಲಿನಿಂದ ನಡೆದು ಬಂದ ಪದ್ಧತಿ. ಬಂದ ದಾರಿಯಲ್ಲಿಯೇ ಹಿಂದಿರುಗುತ್ತಿದ್ದ ಪದಾರ್ಥವೊಂದೇ: ನೆರೆಮನೆಯ ಕ್ರೈಸ್ತ ವೃದ್ಧೆ ಪ್ರತಿ ಡಿಸೆಂಬರಿನಲ್ಲಿಯೂ ತರುತ್ತಿದ್ದ ಶುಂಠಿ ವೈನಿನ ಸೀಸೆ. ಕಲ್ಕಲ್ಲನ್ನು ನಮ್ಮ ತಾಯಿಯವರು ಸಂತೋಷದಿಂದ ತೆಗೆದುಕೊಳ್ಳುವರು. ಸೀಸೆಯನ್ನು ಮಾತ್ರ "ಇದು ಬೇಡ ತಾಯಿ, ತಪ್ಪು ತಿಳಿಯಬೇಡಿ" ಎಂದು ಆಕೆಯ ಕೈಗೇ ಕೊಡುವರು.

ಕಾರಣವನ್ನು ವಾಚಕರು ಊಹಿಸಿರಬಹುದು. ನಮ್ಮ ತಂದೆಯವರು ಪೊಟ್ಟಣದ ಸಾರಾಯಿಗೆ ವಶರಾಗಿದ್ದರು. ಸಂಬಳದ ದಿನಗಳಲ್ಲಿ ತಾಯಿಯವರು ದೀಪವನ್ನಾರಿಸದೆ ಬಾಗಿಲಲ್ಲಿಯೇ ಕುಳಿತಿರುವರು. ತಂದೆಯವರು ಮಾತನಾಡುವುದಕ್ಕೆ ಮುಂಚೆಯೇ ವಾಸನೆಯಿಂದ ಅಂದಿನ ರಾತ್ರಿ ಹೇಗೆ ಕಳೆಯುವುದೆಂಬುದನ್ನು ಅವರು ತಿಳಿದುಕೊಳ್ಳುತ್ತಿದ್ದರು. 2003ರಲ್ಲಿ ತಂದೆಯವರು ಯಕೃತ್ತು ಕೆಟ್ಟು ತೀರಿಕೊಂಡರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪತ್ರಿಕೆಯನ್ನು ಓದಿ ಹೇಳಿದಾಗ ತಾಯಿಯವರು "ನಾಲ್ಕು ವರ್ಷ ತಡವಾಯಿತು" ಎಂದು ಅಕ್ಕಿಯನ್ನು ಆರಿಸತೊಡಗಿದರು. ಪಕ್ಕದ ಇಂದಿರಾನಗರದ ನೂರಡಿ ರಸ್ತೆಯಲ್ಲಿ ಈಗ ಅಲ್ಲಲ್ಲಿಯೇ ಬಿಯರು ಕಾಯಿಸಿ ಮಾರುವ ಅಂಗಡಿಗಳಿವೆ. ಅತ್ತ ಹೋಗುವಾಗ ಅವರು ಇಂದಿಗೂ ಸೆರಗನ್ನು ಮೂಗಿಗೆ ಹಿಡಿಯುವರು.

ಹೋದ ಡಿಸೆಂಬರಿನಲ್ಲಿ ನೆರೆಮನೆಯಾಕೆಗೆ ಕೈನೋವು. ಶುಂಠಿ ಜಜ್ಜಿಕೊಡಲು ನಮ್ಮನ್ನು ಕರೆದರು. ಜಜ್ಜಿದ ಹಸಿಶುಂಠಿಯನ್ನು ಒಣಮೆಣಸಿನಕಾಯಿ, ಚಕ್ಕೆ, ಲವಂಗಗಳೊಡನೆ ನೀರಿನಲ್ಲಿ ಚೆನ್ನಾಗಿ ಕುದಿಸಿ, ಸೋಸಿ, ಸಕ್ಕರೆಯನ್ನೂ ನಿಂಬೆರಸವನ್ನೂ ಬೆರಸಿದರು. ಬಾಣಲೆಯಲ್ಲಿ ಕಪ್ಪಾಗುವಷ್ಟು ಸುಟ್ಟ ಸಕ್ಕರೆಯನ್ನು ಕೊನೆಗೆ ಹಾಕಿದಾಗ ಅದಕ್ಕೆ ಬ್ರಾಂದಿಯ ಬಣ್ಣ ಬಂದಿತು. ಅಷ್ಟೆ, ಸೀಸೆಗೆ ತುಂಬಿದರು.

"ಇದರಲ್ಲಿ ಅಮಲೆಲ್ಲಿ?" ಎಂದೆವು.

"ಅಯ್ಯೋ ಮಗನೆ, ಹೆಸರು ಮಾತ್ರ ವೈನು. ನೀರು ಬೆರಸಿ ಮಕ್ಕಳಿಗೂ ಕೊಡುತ್ತೇವೆ."

ಮಾತು ನಿಜ. ಸಕ್ಕರೆಯನ್ನು ಈಸ್ಟು ತಿಂದು ದಿನಗಟ್ಟಲೆ ಹುದುಗಿದರೆ ಮಾತ್ರ ಮದ್ಯ ಹುಟ್ಟುವುದು. ಇಲ್ಲಿ ಹುದುಗಲು ಅವಕಾಶವೇ ಇಲ್ಲ. ನಿಜವಾದ ವೈನು ಅಡಿಗೆಮನೆಯ ಮೂಲೆಯಲ್ಲಿತ್ತು: ಜಾಡಿಯೊಳಗೆ ಬೆಂಗಳೂರಿನ ನೀಲಿ ದ್ರಾಕ್ಷಿ, ಬಾಯಿಗೆ ಬಟ್ಟೆ, ಕಿವಿಗೊಟ್ಟರೆ ಸಣ್ಣಗೆ ಗುಳುಗುಳು ಸದ್ದು. ಅದನ್ನು ಆಕೆ ನಮ್ಮ ಮನೆಗೆ ಎಂದೂ ತಂದವರಲ್ಲ.

ಮನೆಗೆ ಬಂದು ತಾಯಿಯವರ ಔಷಧದ ಕಪಾಟನ್ನು ತೆರೆದೆವು. ಊಟವಾದಮೇಲೆ ಅವರು ಎರಡು ಚಮಚ ಸೇವಿಸುವ ದ್ರಾಕ್ಷಾರಿಷ್ಟದ ಸೀಸೆ ಅಲ್ಲಿತ್ತು. ಅರಿಷ್ಟಗಳನ್ನು ಧಾತಕಿಯ ಹೂ ಹಾಕಿ ಹುದುಗಿಸುತ್ತಾರೆ. ನೂರಕ್ಕೆ 5ರಿಂದ 10 ಭಾಗ ಮದ್ಯಸಾರ ತಾನಾಗಿ ಹುಟ್ಟಿರುವುದೆಂದು ಸೀಸೆಯ ಮೇಲೆಯೇ ಅಚ್ಚಾಗಿದೆ. ಬಿಯರಿನಲ್ಲಿ ಇರುವುದೂ ಹೆಚ್ಚುಕಡಮೆ ಅಷ್ಟೇ. ಮದ್ಯವಿಲ್ಲದ ಸೀಸೆ ಬಾಗಿಲಿಂದ ಹಿಂದಿರುಗುತ್ತಿತ್ತು, ಇರುವ ಸೀಸೆ ಕಪಾಟಿನಲ್ಲಿತ್ತು. ಇದನ್ನು ತಾಯಿಯವರಿಗೆ ತಿಳಿಸಲು ನಮಗೆ ನಾಲಗೆ ಬರಲಿಲ್ಲ, ಈವರೆಗೂ ತಿಳಿಸಿಲ್ಲ. ಶುಂಠಿಯ ವಿಷಯವನ್ನು ಮಾತ್ರ ಹೇಳಿದೆವು.

ಅವರು ಬಹಳ ಹೊತ್ತು ಸುಮ್ಮನಿದ್ದರು. "ಹಾಗಾದರೆ ಇಷ್ಟು ವರ್ಷವೂ ಆಕೆ ಪಾನಕ ತಂದರೆ ನಾನು ಬಾಗಿಲಿಂದ ಹಿಂದಕ್ಕೆ ಕಳುಹಿಸಿದೆನೆ?" ಎಂದರು. ಬೆಲ್ಲಕ್ಕೆ ಬದಲು ಸಕ್ಕರೆ ಎಂಬುದನ್ನು ಬಿಟ್ಟರೆ ನಮ್ಮ ರಾಮನವಮಿಯ ಪಾನಕದಲ್ಲಿಯೂ ಇರುವುದು ಅದೇ ಶುಂಠಿ, ಅದೇ ನಿಂಬೆ.

ಕ್ರಿಸ್‌ಮಸ್ಸಿನ ದಿನ ತಾಯಿಯವರು ತಾವೇ ಲೋಟವನ್ನು ಹಿಡಿದು ನೆರೆಮನೆಗೆ ಹೋದರು. ವೃದ್ಧೆ ಏನೂ ಕೇಳದೆ ಎರಡು ಬೆರಳಷ್ಟು ಬಗ್ಗಿಸಿ ನೀರು ಬೆರಸಿಕೊಟ್ಟರು. ತಾಯಿಯವರು ಕುಡಿಯುವುದಕ್ಕೆ ಮುಂಚೆ ಲೋಟವನ್ನು ಮೂಗಿನ ಬಳಿ ಹಿಡಿದು ಕಣ್ಣುಮುಚ್ಚಿ ಮೂಸಿದರು. ಬಾಗಿಲಲ್ಲಿ ಕುಳಿತಿರುತ್ತಿದ್ದ ದಿನಗಳು ನಮ್ಮ ನೆನಪಿಗೆ ಬಂದವು. ಬಳಿಕ ಒಂದು ಗುಟುಕು ಕುಡಿದರು.

"ಖಾರ ಸ್ವಲ್ಪ ಹೆಚ್ಚಾಯಿತು ತಾಯಿ," ಎಂದರು, "ಬರುವ ವರ್ಷ ನಾಲ್ಕು ಏಲಕ್ಕಿ ಹಾಕಿ ನೋಡಿ."